ಎರಡೇ ಆಸನಗಳ ಕಾರು



ನಿಮ್ಮ ಮನೆಯಲ್ಲಿಯೂ ಇಂಥದೊಂದು ಪ್ರಶ್ನೆ ಇರಬಹುದು. ಎಲ್ಲರಿಗೂ ಗೊತ್ತಿರುವ, ಆದರೆ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಅದು ಊಟದ ಎಲೆಯ ಪಕ್ಕದಲ್ಲಿಯೇ ಬಂದು ಕುಳಿತಿರುತ್ತದೆ. ನಾವು ಮಳೆಯ ಬಗ್ಗೆ, ಕಾಫಿಯ ಬೆಲೆಯ ಬಗ್ಗೆ, ಯಾರದೋ ಮದುವೆಯ ಬಗ್ಗೆ ಮಾತನಾಡಿ ಎದ್ದುಬಿಡುತ್ತೇವೆ. ನನ್ನ ಮನೆಯಲ್ಲಿ ಅಂಥದೊಂದು ಪ್ರಶ್ನೆ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದುಕೊಂಡಿತ್ತು. ಅದನ್ನು ಕೇಳಲು ನನಗೆ ಸಾಧ್ಯವಾದದ್ದು ನಮ್ಮ ಮನೆಯಲ್ಲಲ್ಲ, ಅಮೆರಿಕದ ಒಂದು ಮರುಭೂಮಿಯ ರಸ್ತೆಯಲ್ಲಿ, ನಾನು ಒಂದು ಕಾಲದಲ್ಲಿ ಮನಸಾರೆ ದ್ವೇಷಿಸಿದ್ದ ಒಂದು ಕಾರಿನಲ್ಲಿ. ಆ ಪ್ರಯಾಣದ ಕಥೆಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಬರಹ.

ನಾನು ಸಕಲೇಶಪುರದ ಕಡೆಯವನು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನನಗೆ ಒಬ್ಬನೇ ಮಗ. ಓದು ಮುಗಿಸಿ ಕೆಲಸಕ್ಕೆಂದು ಅಮೆರಿಕಕ್ಕೆ ಹೋದವನು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದಲ್ಲಿ ನೆಲೆಸಿದ್ದ. 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ನನ್ನಾಕೆ ತೀರಿಕೊಂಡಳು. ಮಗ ಬರಲಿಲ್ಲ. ಶವಸಂಸ್ಕಾರಕ್ಕೆ ಬೆರಳೆಣಿಕೆಯ ಜನ ನಿಂತಿದ್ದೆವು. ಅವನು ಫೋನಿನ ಪರದೆಯ ಮೇಲೆ ಎಲ್ಲವನ್ನೂ ನೋಡಿದ. ಆಮೇಲೆ ಚರ್ಚಿನ ಅಂಗಳದಲ್ಲಿ ಯಾರು ಕೇಳಿದರೂ, "ವಿಮಾನಗಳೇ ನಿಂತುಹೋಗಿದ್ದವಲ್ಲ, ಹೇಗೆ ಬಂದಾನು?" ಎನ್ನುತ್ತಿದ್ದೆ. ಅದು ಪೂರ್ತಿ ನಿಜವಲ್ಲವೆಂದು ನನಗೆ ಗೊತ್ತಿತ್ತು. ಮಾಮೂಲಿ ವಿಮಾನಗಳು ನಿಂತಿದ್ದರೂ ಎರಡು ದೇಶಗಳ ಒಪ್ಪಂದದ ಮೇಲೆ ಕೆಲವು ವಿಶೇಷ ವಿಮಾನಗಳು ಹಾರುತ್ತಿದ್ದವು.

ಮರುವರ್ಷ ಆಗಸ್ಟಿನಲ್ಲಿ ಅವನು ಒಂದು ಚಿತ್ರ ಕಳುಹಿಸಿದ. ಕೆಂಪು ಬಣ್ಣದ, ನೆಲಕ್ಕೆ ಅಂಟಿಕೊಂಡಂತಿದ್ದ, ಮೇಲ್ಛಾವಣಿಯನ್ನು ಮಡಚಿ ಹಿಂದೆ ಸರಿಸಬಹುದಾದ ಒಂದು ಸ್ಪೋರ್ಟ್ಸ್ ಕಾರು. ಹಳೆಯದನ್ನೇ ಕೊಂಡಿದ್ದನಂತೆ. ನಾನು ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ. ತಾಯಿಯ ಮುಖ ನೋಡಲು ಬಾರದವನಿಗೆ ಆಟದ ಕಾರು ಕೊಳ್ಳಲು ಮನಸ್ಸು ಬಂತೇ ಎಂಬ ಕಹಿ ನನ್ನೊಳಗೆ ಇಳಿಯಿತು. ಅದೇ ಡಿಸೆಂಬರಿನಲ್ಲಿ ಅವನು ಊರಿಗೆ ಬಂದು ಎಂಟು ದಿನ ಇದ್ದ. ಮನೆಯ ಹೆಂಚು, ಬ್ಯಾಂಕಿನ ಕಾಗದಪತ್ರ, ತೋಟದ ಬೇಲಿ, ಎಲ್ಲವನ್ನೂ ಮಾತನಾಡಿದೆವು. ಅದೊಂದನ್ನು ಬಿಟ್ಟು.

2023ರ ಸೆಪ್ಟೆಂಬರಿನಲ್ಲಿ ಅವನ ಒತ್ತಾಯಕ್ಕೆ ನಾನು ಸ್ಯಾಕ್ರಮೆಂಟೊಗೆ ಹೋದೆ. ಅವನಿಗೆ ಕೊಲೊರಾಡೊ ರಾಜ್ಯದ ಪ್ವೆಬ್ಲೋ ನಗರದಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಮನೆಸಾಮಾನು ಲಾರಿಯಲ್ಲಿ ಹೋಗುವುದಿತ್ತು. ಕಾರನ್ನು ತಾನೇ ಓಡಿಸಿಕೊಂಡು ಹೋಗುವುದಾಗಿ ಹೇಳಿ, "ಅಪ್ಪ, ನೀವು ವಿಮಾನದಲ್ಲಿ ಬನ್ನಿ, ಇಲ್ಲವೇ ನನ್ನ ಜೊತೆ ಬನ್ನಿ. ದಾರಿ ಸುಮಾರು 1,900 ಕಿಲೋಮೀಟರ್, ಐದು ದಿನ ಹಿಡಿಯುತ್ತದೆ" ಎಂದ. ಅವನ ದನಿಯಲ್ಲಿದ್ದ ಅಳುಕನ್ನು ಕೇಳಿ ಬೇಡವೆನ್ನಲಾಗಲಿಲ್ಲ.

ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. ಅದು ಮಾಜ್ದಾ ಎಂಎಕ್ಸ್-5. ಅಮೆರಿಕದವರು ಅದನ್ನು ಮಿಯಾಟಾ ಎನ್ನುತ್ತಾರೆ. 1989ರ ಫೆಬ್ರವರಿಯಲ್ಲಿ ಶಿಕಾಗೋದ ಕಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ಛಾವಣಿ ತೆರೆಯಬಹುದಾದ ಎರಡು ಆಸನಗಳ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೊಂದಿಲ್ಲ. ಸ್ಪೋರ್ಟ್ಸ್ ಕಾರು ಎಂದೊಡನೆ ನಾನು ಅತಿಯಾದ ಬಲ, ಅತಿಯಾದ ವೇಗ ಎಂದುಕೊಂಡಿದ್ದೆ. ಆದರೆ ಇದನ್ನು ರೂಪಿಸಿದ ಜಪಾನಿಯರ ಲೆಕ್ಕ ಬೇರೆ: ಬಲ ಕೂಡಿಸುವ ಬದಲು ಭಾರ ಕಳೆಯುವುದು. ಇಡೀ ಕಾರು ಒಂದು ಟನ್ನಿಗಿಂತ ತುಸುವೇ ಹೆಚ್ಚು ತೂಗುತ್ತದೆ. ಆ ಭಾರ ಮುಂದಿನ ಮತ್ತು ಹಿಂದಿನ ಗಾಲಿಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿರುತ್ತದೆ. ಅವರು ಅದಕ್ಕೆ 'ಜಿನ್ಬಾ ಇತ್ತಾಯಿ' ಎನ್ನುತ್ತಾರೆ. ಕುದುರೆಯೂ ಸವಾರನೂ ಒಂದೇ ದೇಹವಾಗುವುದು ಎಂದು ಅದರ ಅರ್ಥ.

ಭಾರ ಕಳೆದುದರ ಫಲವನ್ನು ನಾನು ಮೊದಲ ಬೆಳಿಗ್ಗೆಯೇ ಅನುಭವಿಸಿದೆ. ಹಿಂದಿನ ಡಿಕ್ಕಿಯಲ್ಲಿ ಸುಮಾರು 130 ಲೀಟರಿನಷ್ಟು ಮಾತ್ರ ಜಾಗ. ಎರಡು ಸಣ್ಣ ಚೀಲಗಳಿಟ್ಟರೆ ಮುಗಿಯಿತು. ಹಿಂದಿನ ಸೀಟೇ ಇಲ್ಲ. ಊರಿನಿಂದ ತಂದಿದ್ದ ನನ್ನ ದೊಡ್ಡ ಸೂಟ್‌ಕೇಸನ್ನು ಲಾರಿಗೆ ಹಾಕಬೇಕಾಯಿತು. ಉಪ್ಪಿನಕಾಯಿ, ಚಕ್ಕುಲಿ, ಮಗನಿಗೆಂದು ತಂದಿದ್ದ ಅವನ ತಾಯಿಯ ಚೌಕಟ್ಟು ಹಾಕಿದ ಭಾವಚಿತ್ರ ಎಲ್ಲವೂ ಅದರೊಡನೆ ಹೋದವು. ಅವಳು ಬಳಸುತ್ತಿದ್ದ ಸ್ಟೀಲಿನ ಕಾಫಿ ಫಿಲ್ಟರ್ ಮತ್ತು ಒಂದು ಪೊಟ್ಟಣ ಪುಡಿಯನ್ನು ಮಾತ್ರ ನನ್ನ ಕಾಲುಗಳ ನಡುವೆ ಇಟ್ಟುಕೊಂಡೆ. ಇನ್ನು ಆ ತಗ್ಗಾದ ಆಸನದೊಳಗೆ ಇಳಿಯುವುದೇ ಒಂದು ಸಾಹಸ. ನನ್ನ ಮಂಡಿಗಳ ಬಗ್ಗೆ ನಾನು ಬರೆಯದಿರುವುದೇ ಮೇಲು. ಪಕ್ಕದಲ್ಲಿ ಲಾರಿಯೊಂದು ಬಂದು ನಿಂತರೆ ಅದರ ಗಾಲಿಯ ನಟ್ಟು ನನ್ನ ಕಣ್ಣಿನ ಮಟ್ಟಕ್ಕೆ ಇರುತ್ತಿತ್ತು.

ನಾವು ಹಿಡಿದದ್ದು 'ಯು.ಎಸ್. 50' ಎಂಬ ಹೆದ್ದಾರಿ. ಪಶ್ಚಿಮ ಸ್ಯಾಕ್ರಮೆಂಟೊದಲ್ಲಿ ಅದು ಆರಂಭವಾಗುವಲ್ಲಿ ಒಂದು ಫಲಕವಿದೆ: ಓಷನ್ ಸಿಟಿ, 3,073 ಮೈಲಿ. ಆ ಊರು ಅಟ್ಲಾಂಟಿಕ್ ಸಾಗರದ ದಡದ ಮೇರಿಲ್ಯಾಂಡ್ ರಾಜ್ಯದಲ್ಲಿದೆ. ಇದೇ ರಸ್ತೆಯ ನೆವಾಡಾ ಭಾಗವನ್ನು 1986ರಲ್ಲಿ 'ಲೈಫ್' ಪತ್ರಿಕೆ ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಕರೆದಿತ್ತು. ಪತ್ರಿಕೆ ಹೇಳಿದ್ದು ಮೆಚ್ಚುಗೆಯ ಮಾತಾಗಿರಲಿಲ್ಲ. ಆದರೆ ಆ ರಾಜ್ಯದವರು ಬೇಸರಪಡದೆ ಆ ಹೆಸರನ್ನೇ ಫಲಕಗಳಲ್ಲಿ ಬರೆಸಿ ಪ್ರವಾಸಿಗರನ್ನು ಕರೆದರು.

ಮೊದಲ ದಿನ ಸಿಯೆರಾ ನೆವಾಡಾ ಪರ್ವತಸಾಲನ್ನು ದಾಟಿ, ಟಾಹೋ ಸರೋವರದ ಅಂಚಿನಲ್ಲಿ ಸಾಗಿ, ಫ್ಯಾಲನ್ ಎಂಬ ಪಟ್ಟಣದಲ್ಲಿ ತಂಗಿದೆವು. ಎರಡನೆಯ ದಿನ ಆ ಒಂಟಿ ರಸ್ತೆ ನಿಜವಾಗಿ ಶುರುವಾಯಿತು. ಫ್ಯಾಲನ್‌ನಿಂದ ಮುಂದಿನ ಊರಾದ ಆಸ್ಟಿನ್‌ಗೆ ಸುಮಾರು 175 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದರೂ ಅಷ್ಟಾಗುವುದಿಲ್ಲ. ಆ ಉದ್ದಕ್ಕೂ ಊರೆನ್ನಬಹುದಾದುದು ಒಂದೂ ಇಲ್ಲ. ರಸ್ತೆ ಇಪ್ಪತ್ತು, ಮೂವತ್ತು ಕಿಲೋಮೀಟರ್ ದಾರ ಹಿಡಿದಂತೆ ನೇರವಾಗಿ ಬಯಲನ್ನು ದಾಟುತ್ತದೆ. ಆಮೇಲೆ ಒಂದು ಬೆಟ್ಟಸಾಲನ್ನು ಬಳುಕುತ್ತಾ ಹತ್ತಿ ಇಳಿಯುತ್ತದೆ. ಮತ್ತೆ ಅಂಥದೇ ಬಯಲು, ಮತ್ತೆ ಅಂಥದೇ ಬೆಟ್ಟ. ಆಸ್ಟಿನ್ ಬಳಿಯ ಘಾಟಿಯ ನೆತ್ತಿ 7,484 ಅಡಿ. ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಅಡಿಗೂ ಹೆಚ್ಚು ಎತ್ತರ. ಇಂಥ ತಿರುವುಗಳಲ್ಲಿಯೇ ಆ ಪುಟ್ಟ ಕಾರಿನ ಗುಣ ತಿಳಿಯುವುದು. ಮಗ ಗೇರು ಇಳಿಸಿ ತಿರುಗಿಸಿದೊಡನೆ ಅದು ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯುತ್ತಿತ್ತು. ಒಮ್ಮೆ ನಾನು ನಕ್ಕುಬಿಟ್ಟೆ. ಅವನು ಓರೆಗಣ್ಣಿನಿಂದ ನೋಡಿದ.

ಈ ರಸ್ತೆಯ ಅಕ್ಕಪಕ್ಕದಲ್ಲಿಯೇ ಹಿಂದೆ 'ಪೋನಿ ಎಕ್ಸ್‌ಪ್ರೆಸ್' ಎಂಬ ಕುದುರೆ ಅಂಚೆ ಓಡುತ್ತಿತ್ತು. 1860ರ ಏಪ್ರಿಲ್‌ನಲ್ಲಿ ಆರಂಭವಾದ ಅದು ಮಿಸೂರಿ ರಾಜ್ಯದ ಸೇಂಟ್ ಜೋಸೆಫ್‌ನಿಂದ ನಾವು ಹೊರಟುಬಂದ ಸ್ಯಾಕ್ರಮೆಂಟೊವರೆಗೆ ಸುಮಾರು 3,000 ಕಿಲೋಮೀಟರ್ ದೂರಕ್ಕೆ ಹತ್ತು ದಿನಗಳಲ್ಲಿ ಕಾಗದ ಮುಟ್ಟಿಸುತ್ತಿತ್ತು. ಹತ್ತು ಹದಿನೈದು ಮೈಲಿಗೊಮ್ಮೆ ಕುದುರೆ ಬದಲು. ಕುದುರೆಗೆ ಭಾರವಾಗದಂತೆ ಸಣ್ಣ ಮೈಕಟ್ಟಿನ ಸವಾರರು, ತೆಳುವಾದ ಕಾಗದ. 1861ರ ಅಕ್ಟೋಬರಿನಲ್ಲಿ ಟೆಲಿಗ್ರಾಫ್ ತಂತಿ ದೇಶದ ಎರಡು ಕಡೆಗಳನ್ನು ಜೋಡಿಸಿದಾಗ ಆ ಅಂಚೆ ನಿಂತೇಹೋಯಿತು. ಕೇವಲ ಹದಿನೆಂಟು ತಿಂಗಳ ಬಾಳು. ಫ್ಯಾಲನ್ ದಾಟಿದ ಮೇಲೆ ಸಿಗುವ ಮರಳುಗುಡ್ಡದ ಬಳಿ ಆ ಅಂಚೆಯ ತಂಗುದಾಣವೊಂದರ ಕಲ್ಲುಗೋಡೆಗಳು ಇನ್ನೂ ಇವೆ. ಅವುಗಳ ನಡುವೆ ನಿಂತು ನಾನು ಯೋಚಿಸಿದೆ: ಒಂದು ಮಾತನ್ನು ಮುಟ್ಟಿಸಲು ಈ ಜನ ಎಷ್ಟು ಕುದುರೆಗಳನ್ನು ಓಡಿಸಿದರು! ನನ್ನ ಜೇಬಿನಲ್ಲಿ ಫೋನಿದೆ. ಮಗನಿಗೆ ವಾರಕ್ಕೆರಡು ಬಾರಿ ಕರೆ ಮಾಡುತ್ತೇನೆ. ಆದರೂ ಮುಟ್ಟಬೇಕಾದ ಮಾತು ಮುಟ್ಟಿಲ್ಲ.

ಕಾರಿನಲ್ಲಿ ಮಾತನಾಡಲು ಅವಕಾಶವೂ ಇರಲಿಲ್ಲವೆನ್ನಿ. ಛಾವಣಿ ತೆರೆದು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಗಾಳಿಯ ಭೋರ್ಗರೆತದಲ್ಲಿ ಪಕ್ಕದವನ ಮಾತು ಕೇಳಿಸದು. ನಮ್ಮಿಬ್ಬರಿಗೂ ಅದು ಅನುಕೂಲವೇ ಆಗಿತ್ತು. ಟೋಪಿಯನ್ನು ಹಿಡಿದುಕೊಂಡು ನಾನು ಬಯಲು ನೋಡುತ್ತಿದ್ದೆ, ಅವನು ರಸ್ತೆ ನೋಡುತ್ತಿದ್ದ. ಆ ರಾತ್ರಿ ಈಲಿ ಎಂಬ ಊರಿನ ಲಾಡ್ಜಿನ ಕೋಣೆಯಲ್ಲಿ ಫಿಲ್ಟರಿಗೆ ಪುಡಿ ಹಾಕಿಟ್ಟೆ. ಬೆಳಿಗ್ಗೆ ಇಬ್ಬರೂ ಅದರ ಕಾಫಿ ಕುಡಿದೆವು. ಅವನು ಲೋಟವನ್ನು ಎರಡು ಕೈಗಳಿಂದ ಹಿಡಿದು ಬಹಳ ಹೊತ್ತು ಕುಳಿತಿದ್ದ. ನಾನೂ ಏನೂ ಅನ್ನಲಿಲ್ಲ.

ಮೂರನೆಯ ದಿನ ನೆವಾಡಾದ ಗಡಿಯಲ್ಲಿರುವ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಈ ವಿಶಾಲ ಪ್ರದೇಶಕ್ಕೆ 'ಬೇಸಿನ್', ಅಂದರೆ ಬೋಗುಣಿ, ಎಂದು ಹೆಸರು ಬಂದಿರುವುದಕ್ಕೆ ಕಾರಣವಿದೆ. ಇಲ್ಲಿ ಬಿದ್ದ ಮಳೆ ಯಾವ ಸಮುದ್ರವನ್ನೂ ಸೇರುವುದಿಲ್ಲ. ಹಳ್ಳಗಳು ಹರಿದು ಉಪ್ಪಿನ ಸರೋವರಗಳಲ್ಲಿ ನಿಲ್ಲುತ್ತವೆ, ಇಲ್ಲವೇ ಮರಳಿನಲ್ಲಿ ಇಂಗುತ್ತವೆ. ಆ ಉದ್ಯಾನದ ಎತ್ತರದಲ್ಲಿ ಬ್ರಿಸಲ್‌ಕೋನ್ ಎಂಬ ಪೈನ್ ಮರಗಳು ಸಾವಿರಾರು ವರ್ಷ ಬಾಳುತ್ತವೆ. 1964ರಲ್ಲಿ ಒಬ್ಬ ಸಂಶೋಧಕ ಅಲ್ಲಿನ ಒಂದು ಮರದ ವಯಸ್ಸು ತಿಳಿಯಲು ಅರಣ್ಯ ಇಲಾಖೆಯ ಅನುಮತಿ ಪಡೆದು ಅದನ್ನು ಕಡಿಸಿದ. ಎಣಿಸಿದಾಗ 4,800ಕ್ಕೂ ಹೆಚ್ಚು ಉಂಗುರಗಳು ಸಿಕ್ಕವು. ಅಂದಿನ ಮಟ್ಟಿಗೆ ತಿಳಿದಿದ್ದ ಮರಗಳಲ್ಲೆಲ್ಲ ಹಿರಿಯದು ಅದಾಗಿತ್ತು. ವಯಸ್ಸು ತಿಳಿಯಿತು, ಮರ ಹೋಯಿತು. ಮಾಹಿತಿ ಕೇಂದ್ರದಲ್ಲಿ ಇದನ್ನು ಓದಿ ನನಗೆ ಒಂದು ಬಗೆಯ ಭಯವಾಯಿತು. ಕೆಲವು ಪ್ರಶ್ನೆಗಳು ಕೊಡಲಿಯ ಹಾಗೆ. ಉತ್ತರ ಸಿಗುತ್ತದೆ, ಕೇಳಿದ್ದು ಉಳಿಯುವುದಿಲ್ಲ. ಕೇಳದಿರುವುದೇ ಒಳಿತೆಂದು ಅಂದು ಮಧ್ಯಾಹ್ನ ನಿಶ್ಚಯಿಸಿಕೊಂಡೆ.

ಗಡಿ ದಾಟಿ ಯೂಟಾ ರಾಜ್ಯಕ್ಕೆ ಬಂದೆವು. ಮುಂದಿನ ಊರು ಡೆಲ್ಟಾ. ನಡುವಿನ ಸುಮಾರು 140 ಕಿಲೋಮೀಟರ್ ದಾರಿಯಲ್ಲಿ ಪೆಟ್ರೋಲು, ನೀರು ಯಾವುದೂ ಇಲ್ಲ. ಅರ್ಧ ದಾರಿಯಲ್ಲಿ ಕಾರಿನ ಮುಂಭಾಗದ ಫಲಕದಲ್ಲಿ ಹಳದಿ ದೀಪ ಹತ್ತಿತು. ನಿಲ್ಲಿಸಿ ನೋಡಿದರೆ ಹಿಂದಿನ ಬಲಗಾಲಿಗೆ ಒಂದು ಸ್ಕ್ರೂ ಹೊಕ್ಕಿತ್ತು. "ಸ್ಟೆಪ್ನಿ ತೆಗೆ" ಎಂದೆ. "ಇದಕ್ಕೆ ಸ್ಟೆಪ್ನಿಯೇ ಇಲ್ಲ ಅಪ್ಪ" ಎಂದ. ಭಾರ ಉಳಿಸುವ, ಜಾಗ ಉಳಿಸುವ ಲೆಕ್ಕದಲ್ಲಿ ಅದನ್ನೂ ಕಳೆದಿದ್ದರು! ಅದರ ಬದಲಿಗೆ ಗಾಲಿಯೊಳಗೆ ತುಂಬುವ ಅಂಟುದ್ರವದ ಒಂದು ಬಾಟಲಿ, ಕಾರಿನ ವಿದ್ಯುತ್ತಿನಿಂದ ಓಡುವ ಒಂದು ಸಣ್ಣ ಗಾಳಿಯಂತ್ರ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಒಂದು ಪಿಕಪ್ ಗಾಡಿ ತಾನಾಗಿಯೇ ನಿಂತಿತು. ಅದರಲ್ಲಿದ್ದ ವಯಸ್ಸಾದ ದನಗಾಹಿ ನಮಗೆ ಎರಡು ಬಾಟಲಿ ನೀರು ಕೊಟ್ಟು, ಗಾಲಿಗೆ ಗಾಳಿ ನಿಲ್ಲುವವರೆಗೂ ಕಾದು, ಕೈಬೀಸಿ ಹೋದ. ಆ ರಸ್ತೆಯಲ್ಲಿ ನಿಂತ ಕಾರನ್ನು ಕಂಡೂ ಯಾರೂ ಹಾಗೆಯೇ ದಾಟಿಹೋಗುವುದಿಲ್ಲವಂತೆ.

ಅಂಟುದ್ರವ ತುಂಬಿದ ಗಾಲಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಮೀರಬಾರದು. ಮಗ ಛಾವಣಿ ಮುಚ್ಚಿದ. ನಿಧಾನವಾಗಿ ಹೊರಟೆವು. ಮೂರು ದಿನಗಳಲ್ಲಿ ಮೊದಲ ಬಾರಿಗೆ ಕಾರಿನೊಳಗೆ ನಿಶ್ಶಬ್ದವಿತ್ತು. ಗಡಿಯಾರ ನೋಡಿದೆ, ಡೆಲ್ಟಾ ಮುಟ್ಟಲು ಇನ್ನೂ ಒಂದು ಗಂಟೆ. ಓದುಗರೇ, ನಾನು ಧೈರ್ಯ ಮಾಡಿ ಕೇಳಿದೆನೆಂದು ತಿಳಿಯಬೇಡಿ. ಅವನು ರಸ್ತೆಯನ್ನೇ ನೋಡುತ್ತಿದ್ದ, ನಾನೂ ರಸ್ತೆಯನ್ನೇ ನೋಡುತ್ತಿದ್ದೆ. ಮುಖ ನೋಡಬೇಕಾಗಿರಲಿಲ್ಲವಾದ್ದರಿಂದ ಮಾತು ತಾನಾಗಿ ಹೊರಬಿತ್ತು.

"ಆಗ ನೀನು ಬರಬಹುದಿತ್ತೇ, ಮಗಾ?"

ಅವನು ಬಹಳ ದೂರದವರೆಗೆ ಮಾತನಾಡಲಿಲ್ಲ.

"ಬರಬಹುದಿತ್ತು, ಅಪ್ಪ."

ಆಮೇಲೆ ಒಂದೊಂದಾಗಿ ಹೇಳಿದ. ಒಂದು ಟಿಕೆಟು ಇತ್ತು. ಎರಡು ರಾತ್ರಿ ಕಂಪ್ಯೂಟರಿನ ಪರದೆಯ ಮೇಲೆ ಅದನ್ನು ತೆರೆದಿಟ್ಟುಕೊಂಡು ಕುಳಿತಿದ್ದ. ಆದರೆ 2021ರ ಮೇ 4ರಿಂದ ಭಾರತದಿಂದ ಬರುವವರಿಗೆ, ಅಲ್ಲಿನ ಪೌರತ್ವವಾಗಲಿ ಕಾಯಂ ವಾಸದ ಹಕ್ಕಾಗಲಿ ಇಲ್ಲದಿದ್ದರೆ, ಅಮೆರಿಕ ಬಾಗಿಲು ಮುಚ್ಚಿತ್ತು. ಅವನದು ಕೆಲಸದ ವೀಸಾ. ಬಂದರೆ ಯಾವಾಗ ಹಿಂದಿರುಗಬಹುದೆಂದು ಹೇಳುವವರಿರಲಿಲ್ಲ. ಕೆಲಸ ಹೋಗುವ ಸಂಭವವಿತ್ತು, ಓದಿನ ಸಾಲ ಇನ್ನೂ ತೀರಿರಲಿಲ್ಲ. "ಅಮ್ಮ ಗುಣವಾಗುತ್ತಾರೆ ಅಂದುಕೊಂಡೆ. ಲೆಕ್ಕ ಹಾಕಿದೆ ಅಪ್ಪ. ಲೆಕ್ಕ ತಪ್ಪಿತು. ನನಗೆ ಭಯವಾಗಿತ್ತು, ಅಷ್ಟೇ." ಅದನ್ನು ಬಿಟ್ಟು ಬೇರಾವ ನೆಪವನ್ನೂ ಅವನು ಹೇಳಲಿಲ್ಲ.

ಆ ಕ್ಷಣಕ್ಕೆ ನಾನು ಎರಡು ವರ್ಷದಿಂದ ಕಾದಿದ್ದೆ. ಅವನು ತಪ್ಪೊಪ್ಪಿಕೊಂಡಾಗ ನನಗೆ ಸಮಾಧಾನವಾಗುವುದೆಂದು ನಂಬಿದ್ದೆ. ಆಗಲಿಲ್ಲ. 'ಲೆಕ್ಕ ಹಾಕಿದೆ' ಎಂಬ ಅವನ ಮಾತು ನನ್ನೊಳಗೆ ಬೇರೊಂದು ಬಾಗಿಲನ್ನು ತಟ್ಟಿತು. ಆ ಬಾಗಿಲನ್ನು ನಾನು ಇಂದಿನವರೆಗೂ ಯಾರಿಗೂ ತೆರೆದು ತೋರಿಸಿರಲಿಲ್ಲ.

ಅವಳಿಗೆ ಜ್ವರ ಬಂದ ಮೊದಲ ದಿನವೇ ಆಸ್ಪತ್ರೆಗೆ ಹೋಗೋಣವೆಂದು ಪಕ್ಕದ ಮನೆಯವರು ಹೇಳಿದ್ದರು. ನಾನು, ವಿಜ್ಞಾನದ ಮೇಷ್ಟ್ರು, ಲೆಕ್ಕ ಹಾಕಿದೆ. ಆಸ್ಪತ್ರೆಗೆ ಹೋದರೆ ಇಲ್ಲದ ರೋಗವೂ ಅಂಟೀತು, ಮಾಮೂಲಿ ಜ್ವರವಿರಬಹುದು, ಎರಡು ದಿನ ನೋಡೋಣ. ಮಾತ್ರೆ ಕೊಟ್ಟು ಕಾದೆ. ಮೂರನೆಯ ದಿನ ರಾತ್ರಿ ಅವಳು ಮಾತನಾಡುವಾಗ ನಡುನಡುವೆ ಉಸಿರಿಗಾಗಿ ನಿಲ್ಲತೊಡಗಿದಳು. ಆಗ ಹೊರಟೆ. ಮೊದಲೇ ಹೋಗಿದ್ದರೆ ಅವಳು ಉಳಿಯುತ್ತಿದ್ದಳೋ ಇಲ್ಲವೋ ಯಾರೂ ಹೇಳಲಾರರು. ಆದರೆ ಮಗ ಬರಲಿಲ್ಲವೆಂಬ ಕೋಪವನ್ನು ಮುಂದೆ ನಿಲ್ಲಿಸಿಕೊಂಡು ಅದರ ನೆರಳಿನಲ್ಲಿ ನಾನು ಈ ಎರಡು ದಿನಗಳನ್ನು ಬಚ್ಚಿಟ್ಟುಕೊಂಡಿದ್ದೆ. ಅವನ ತಪ್ಪು ದೊಡ್ಡದಾದಷ್ಟೂ ನನ್ನದು ಸಣ್ಣದಾಗುತ್ತಿತ್ತು.

ಇದೆಲ್ಲವನ್ನೂ ಅವನಿಗೆ ಹೇಳಿದೆ. ಸ್ಟಿಯರಿಂಗ್ ಹಿಡಿದ ಅವನ ಕೈಗಳು ಕದಲಲಿಲ್ಲ. ಸ್ವಲ್ಪ ಹೊತ್ತಿನ ನಂತರ ಎಡಗೈಯಿಂದ ಕಣ್ಣೊರೆಸಿಕೊಂಡು, "ಈ ಕಾರು ಯಾಕೆ ತಗೊಂಡೆ ಗೊತ್ತಾ ಅಪ್ಪ?" ಎಂದ. "ಮನೆಯಲ್ಲಿ ಸುಮ್ಮನೆ ಕೂತರೆ ಆ ದಿನದ ಫೋನಿನ ಸದ್ದೇ ಕೇಳಿಸುತ್ತಿತ್ತು. ಇದರಲ್ಲಿ ಕ್ಲಚ್ಚು, ಗೇರು, ಎರಡು ಕೈ ಎರಡು ಕಾಲಿಗೂ ಕೆಲಸ. ಓಡಿಸುವಷ್ಟು ಹೊತ್ತು ಬೇರೇನೂ ಕೇಳಿಸುವುದಿಲ್ಲ." ನಾನು ಆಟದ ಕಾರೆಂದು ಹಳಿದದ್ದು ಅವನ ನಿದ್ದೆಯಿಲ್ಲದ ರಾತ್ರಿಗಳ ಆಸರೆಯಾಗಿತ್ತು.

ಡೆಲ್ಟಾ ತಲುಪುವಾಗ ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ ಗಾಲಿಯಂಗಡಿಯವರು ಸ್ಕ್ರೂ ತೆಗೆದು ಒಳಗಿನಿಂದ ತೇಪೆ ಹಾಕಿಕೊಟ್ಟರು. ಅಲ್ಲಿಂದ ಮುಂದೆ ಯೂಟಾದ ಕೆಂಪು ಬಂಡೆಗಳ ನಾಡನ್ನು ದಾಟಿ ಕೊಲೊರಾಡೊ ಸೇರಿದೆವು. ಮತ್ತೆ ಮತ್ತೆ ಆ ವಿಷಯವನ್ನು ಎತ್ತಲಿಲ್ಲ. ಆದರೆ ಅವಳ ಬಗ್ಗೆ ಮಾತನಾಡಿದೆವು: ಅವಳು ಘಾಟಿಯ ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕಣ್ಣುಮುಚ್ಚಿ ಕೂರುತ್ತಿದ್ದುದು, ಈ ಕಾರಿನಲ್ಲಿ ಕೂರಿಸಿದ್ದರೆ ಏನೆನ್ನುತ್ತಿದ್ದಳೆಂಬುದು. ಎರಡು ವರ್ಷಗಳಲ್ಲಿ ಅವಳ ಹೆಸರನ್ನು ಹೇಳಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಐದನೆಯ ದಿನ ಮೊನಾರ್ಕ್ ಘಾಟಿಯನ್ನು ಹತ್ತಿದೆವು. ಎತ್ತರ 11,312 ಅಡಿ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಮೂರನೆಯ ಒಂದರಷ್ಟು ಕಡಿಮೆಯಿರುವುದರಿಂದ ಎಂಜಿನ್ ಕೂಡ ನನ್ನಂತೆಯೇ ಏದುಸಿರು ಬಿಡುತ್ತಿತ್ತು. ಇಳಿಜಾರಿನಲ್ಲಿ ಆಸ್ಪೆನ್ ಮರಗಳ ಎಲೆಗಳು ಚಿನ್ನದ ಬಣ್ಣಕ್ಕೆ ತಿರುಗಿದ್ದವು. ಘಾಟಿಯ ನೆತ್ತಿಯಲ್ಲಿ ಖಂಡದ ಜಲವಿಭಾಜಕ ಎಂಬ ಫಲಕವಿದೆ. ಅಲ್ಲಿಂದ ಪಶ್ಚಿಮಕ್ಕೆ ಬಿದ್ದ ಮಳೆ ಕೊಲೊರಾಡೊ ನದಿಯ ದಾರಿ ಹಿಡಿಯುತ್ತದೆ. ಪೂರ್ವಕ್ಕೆ ಬಿದ್ದದ್ದು ಅರ್ಕನ್ಸಾ ನದಿ ಸೇರಿ, ಮಿಸಿಸಿಪ್ಪಿಯೊಡನೆ ಮೆಕ್ಸಿಕೊ ಕೊಲ್ಲಿಗೆ ಹೋಗುತ್ತದೆ. ಸಕಲೇಶಪುರದ ಮಕ್ಕಳಿಗೆ ನಾನು ಇದನ್ನೇ ನಮ್ಮ ಬೆಟ್ಟ ತೋರಿಸಿ ಕಲಿಸುತ್ತಿದ್ದೆ: ಈ ಕಡೆಯ ಹನಿ ಹೇಮಾವತಿಯಾಗಿ ಕಾವೇರಿ ಸೇರುತ್ತದೆ, ಆ ಕಡೆಯ ಹನಿ ನೇತ್ರಾವತಿಯಾಗಿ ಅರಬ್ಬೀ ಸಮುದ್ರಕ್ಕೆ. ಎರಡೂ ಸಮುದ್ರ ಮುಟ್ಟುತ್ತವೆ. ಎಲ್ಲಿಗೂ ಹರಿಯದೆ ಉಪ್ಪಾಗುವ ನೀರನ್ನು ಹಿಂದೆ ಬಿಟ್ಟು ಬಂದಿದ್ದೆವು.

ಇಳಿಯುವಾಗ ನಾನು, "ಹತ್ತಿದ ಗೇರಿನಲ್ಲೇ ಇಳಿ, ಬ್ರೇಕನ್ನೇ ನಂಬಬೇಡ" ಎಂದೆ. ನಮ್ಮ ಘಾಟಿಯ ಚಾಲಕರ ಪಾಠ ಅದು. "ಆಯ್ತಪ್ಪ" ಎಂದು ಗೇರು ಇಳಿಸಿದ. ಸಂಜೆ ಪ್ವೆಬ್ಲೋ ತಲುಪಿದೆವು. ನಾನು ಊರಿಗೆ ಮರಳುವಾಗ ಆ ಕಾಫಿ ಫಿಲ್ಟರನ್ನು ಅವನ ಅಡುಗೆಮನೆಯಲ್ಲಿಯೇ ಬಿಟ್ಟುಬಂದೆ.

ಈಗ ಚರ್ಚಿನ ಅಂಗಳದಲ್ಲಿ ಯಾರಾದರೂ ಆ ದಿನಗಳ ಮಾತೆತ್ತಿದರೆ ವಿಮಾನಗಳ ಕಥೆ ಹೇಳುವುದಿಲ್ಲ. "ನಾವಿಬ್ಬರೂ ಹೆದರಿದ್ದೆವು" ಎನ್ನುತ್ತೇನೆ. ಕೇಳಿದವರಲ್ಲಿ ಒಬ್ಬಿಬ್ಬರು ತಮ್ಮ ಮನೆಯ ಎರಡು ದಿನಗಳ ಕಥೆಯನ್ನು ನನಗೆ ಹೇಳಿದ್ದೂ ಉಂಟು.

ಓದುಗರೇ, ನಿಮ್ಮಲ್ಲಿ ಯಾರಿಗೂ ಕೆಂಪು ಕಾರು ಬೇಕಿಲ್ಲ, ಅಮೆರಿಕದ ರಸ್ತೆಯೂ ಬೇಕಿಲ್ಲ. ಆದರೆ ಎದುರುಬದುರು ಕುಳಿತು ಕೇಳಲಾಗದ್ದನ್ನು ಅಕ್ಕಪಕ್ಕ ಕುಳಿತು ಕೇಳಬಹುದು. ಅದನ್ನು ನಾನು ಕಂಡುಕೊಂಡಿದ್ದೇನೆ. ಹಾಸನಕ್ಕೆ ಹೋಗುವ ಬಸ್ಸಿನ ಇಬ್ಬರ ಸೀಟಾದರೂ ಸಾಕು. ಮಾತು ಬಿಟ್ಟುಹೋದ ಮಗನನ್ನೋ, ಮಗಳನ್ನೋ, ತಮ್ಮನನ್ನೋ ಒಂದು ದಿನ ಜೊತೆಗೆ ಕರೆದುಕೊಂಡು ಹೊರಡಿ. ಸಾಮಾನು ಕಡಿಮೆ ಇರಲಿ. ನಿಧಾನವಾಗಿ ಹೋಗುವ ಬಸ್ಸನ್ನೇ ಹತ್ತಿ. ಅವರನ್ನು ಕೇಳುವ ಮೊದಲು, ನೀವು ಹೇಳಬೇಕಾದದ್ದು ಏನಾದರೂ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.